ಬಿಸಿಲಿಗೆ ಮಾಯವಾಗುವ ಕಲೆ

"ಇನ್ಮೇಲೆ ಆಫೀಸಿನಲ್ಲಿ ಕೂರೋರೂ ವಾರಕ್ಕೊಂದು ದಿನ ಫೀಲ್ಡಿಗೆ ಹೋಗ್ಬೇಕು" ಎಂದು ಮ್ಯಾನೇಜರ್ ಹೇಳಿದಾಗ ನನಗೆ ಮೊದಲು ಬಂದ ಯೋಚನೆ, ನನ್ನ ಕುರ್ಚಿಗೆ ಇವರು ಯಾರನ್ನು ತರುತ್ತಿದ್ದಾರೆ ಎಂಬುದು.

ನಮ್ಮದು ಮನೆ, ಅಂಗಡಿ, ಕಟ್ಟಡಗಳನ್ನು ಮಾಲೀಕರ ಪರವಾಗಿ ನೋಡಿಕೊಳ್ಳುವ ಸಣ್ಣ ಕಂಪನಿ. ದೇವರಾಜ ಮೊಹಲ್ಲಾದಲ್ಲಿ ಒಂದು ಪಾತ್ರೆ ಅಂಗಡಿಯ ಮೇಲೆ ಆಫೀಸು. ನಲ್ಲಿ ಸೋರಿದರೆ, ಮೋರಿ ಕಟ್ಟಿಕೊಂಡರೆ, ಗೋಡೆ ಒದ್ದೆಯಾದರೆ ಬಾಡಿಗೆದಾರರು ನನಗೆ ಫೋನ್ ಮಾಡುತ್ತಾರೆ. ನಾನು ದೂರು ದಾಖಲಿಸಿ ಸೂಪರ್‌ವೈಸರಿಗೆ ತಿಳಿಸುತ್ತೇನೆ. ಅವರು ಆಳು ಕರೆದುಕೊಂಡು ಹೋಗಿ ಬಂದು "ಆಯ್ತು ಮೇಡಂ" ಅಂದರೆ, ಕಂಪ್ಯೂಟರಿನಲ್ಲಿ ಆ ದೂರು ಮುಗಿಯಿತೆಂದು ಒತ್ತುತ್ತೇನೆ. ಆ ಮನೆಗಳನ್ನು ನಾನು ಒಂದನ್ನೂ ಕಣ್ಣಿಂದ ಕಂಡಿರಲಿಲ್ಲ. ಕಾಣಬೇಕೆಂಬ ಆಸೆಯೂ ಇರಲಿಲ್ಲ.

"ಕೈ ಕೆಸರಾದ್ರೆ ಬಾಯಿ ಮೊಸರು ಕಣ್ರೀ" ಎಂದು ಮ್ಯಾನೇಜರ್ ನಕ್ಕರು. ಕೆಸರು ನಮಗೆ, ಮೊಸರು ಯಾರಿಗೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅವರು ಮುಂದುವರಿಸಿ, ನೋಡಿ ಬಂದ ಕೆಲಸದ ವರದಿಗೆ ಸೂಪರ್‌ವೈಸರ್ ಜೊತೆಗೆ ಹೋದ ಆಫೀಸಿನವರೂ ಸಹಿ ಹಾಕಬೇಕು ಅಂದರು. ಸಹಿ ಎಂಬ ಮಾತು ಬಿದ್ದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಮೊದಲ ಹೆಸರು ನನ್ನದೇ ಎಂದಾಗಲಂತೂ ಇದರಲ್ಲಿ ಏನೋ ಇದೆ ಎಂದು ಖಾತ್ರಿಯಾಯಿತು.

ನನ್ನ ಸ್ವಭಾವವೇ ಹೀಗೆ. ತರಕಾರಿಯವನು ತಕ್ಕಡಿ ಎತ್ತಿದರೆ ನನ್ನ ಕಣ್ಣು ತಕ್ಕಡಿಯ ತಳಕ್ಕೆ ಹೋಗುತ್ತದೆ. "ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ" ಎಂದು ನನ್ನ ಗಂಡ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಮೋಸ ಹೋದವರ ಪಟ್ಟಿಯಲ್ಲಿ ಅವರ ಹೆಸರು ಬಹಳ ಸಲ ಇದೆ, ನನ್ನದಿಲ್ಲ.

ಸೂಪರ್‌ವೈಸರ್ ನನಗಿಂತ ಹಿರಿಯರು. ಹಣೆಯಲ್ಲಿ ಮೂರು ಬೆರಳ ವಿಭೂತಿ, ಸ್ಕೂಟರಿನ ಮುಂದೆ ಒಂದು ಪುಟ್ಟ ಗಣಪತಿ. ನನ್ನನ್ನು ಜೊತೆಗೆ ಕಳಿಸಿದ್ದು ಅವರಿಗೂ ರುಚಿಸಿರಲಿಲ್ಲ. ನಾನು ಮ್ಯಾನೇಜರ್ ಕಡೆಯ ಕಣ್ಣು ಎಂದು ಅವರು, ತಮ್ಮ ತಪ್ಪಿಗೆ ನನ್ನ ಸಹಿ ಹಾಕಿಸಿಕೊಳ್ಳುವವರು ಎಂದು ನಾನು. ಮೊದಲ ಕೆಲವು ಸುತ್ತು ಹೀಗೇ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡಿಕೊಂಡೇ ಮುಗಿದವು.

ಆದರೂ ಕಲಿಸಿದರು. ಗಾರೆ ಬಿಟ್ಟುಕೊಂಡಿದೆಯೇ ಎಂದು ತಿಳಿಯಲು ನಾಣ್ಯದಿಂದ ಗೋಡೆ ತಟ್ಟಬೇಕು. ಗಟ್ಟಿಯಿದ್ದರೆ ಟಣ್ ಅನ್ನುತ್ತದೆ, ಪೊಳ್ಳಾಗಿದ್ದರೆ ಡಬ್ ಅನ್ನುತ್ತದೆ. ಟಾರ್ಚನ್ನು ಗೋಡೆಗೆ ನೇರ ಹಿಡಿಯಬಾರದು, ಪಕ್ಕದಿಂದ ಓರೆಯಾಗಿ ಹಿಡಿದರೆ ಉಬ್ಬಿದ ಜಾಗದ ನೆರಳು ಬೀಳುತ್ತದೆ. ತೇವ ನೋಡಲು ಅಂಗೈ ಸಾಲದು, ಮುಂಗೈ ಇಡಬೇಕು. ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿಸಿ ನೀರಿನ ಮೀಟರಿನ ಮುಳ್ಳು ನೋಡುತ್ತಾ ನಿಲ್ಲಬೇಕು. ಮುಳ್ಳು ತಿರುಗಿದರೆ ಎಲ್ಲೋ ಪೈಪು ಒಡೆದಿದೆ ಎಂದರ್ಥ. ಇದನ್ನೆಲ್ಲ ಹೇಳುವಾಗ ಅವರ ಸಿಡುಕು ಮರೆಯಾಗುತ್ತಿತ್ತು. ನನಗೆ ಕಲಿಯಲು ಖುಷಿಯಾಗುತ್ತಿತ್ತು, ಆದರೆ ಅದನ್ನು ಮುಖದಲ್ಲಿ ತೋರಿಸಲಿಲ್ಲ.

ಹೀಗಿರುವಾಗ ಒಂದು ಬುಧವಾರ ವಿದ್ಯಾರಣ್ಯಪುರಂ ಕಡೆ ಹೊರಟೆವು. ಅಲ್ಲಿ ನಾವು ನೋಡಿಕೊಳ್ಳುವ ಒಂದು ಕಟ್ಟಡ. ಕೆಳಗೆ ರಸ್ತೆಗೆ ಮುಖ ಮಾಡಿದ ಟೈಲರ್ ಅಂಗಡಿ, ಮೇಲೆ ಒಂದು ಸಂಸಾರ. ಇಬ್ಬರೂ ಬಾಡಿಗೆಗೆ ಇರುವವರು. ಮಾಲೀಕರು ಯಾದವಗಿರಿಯಲ್ಲಿ ಸ್ವಂತ ಬಂಗಲೆಯಲ್ಲಿದ್ದಾರೆ. ಅಂಗಡಿ ನಡೆಸುವ ಹೆಂಗಸು ಚಾವಣಿ ಸೋರುತ್ತದೆ ಎಂದು ಮತ್ತೆ ಮತ್ತೆ ನನಗೆ ಫೋನ್ ಮಾಡಿದ್ದರು. ಪ್ರತಿ ಸಲವೂ ಸೂಪರ್‌ವೈಸರ್ ಹೋಗಿ ಬಂದು ಸೋರಿಕೆ ಇಲ್ಲ ಎಂದಿದ್ದರು, ಪ್ರತಿ ಸಲವೂ ನಾನು ಮುಗಿಯಿತೆಂದು ಒತ್ತಿದ್ದೆ.

ಈಗ ಮಾಲೀಕರಿಗೆ ಸಿಟ್ಟು ಬಂದಿತ್ತು. ಕಲೆಯನ್ನು ಆ ಹೆಂಗಸೇ ಮಾಡಿಟ್ಟು ಇಲ್ಲದ ರಿಪೇರಿ ಕೇಳುತ್ತಿದ್ದಾಳೆ, ಹಾಗೆಂದು ನೀವು ಬರೆದುಕೊಟ್ಟರೆ ಅಂಗಡಿ ಖಾಲಿ ಮಾಡಿಸುತ್ತೇನೆ ಎಂದು ಮ್ಯಾನೇಜರಿಗೆ ಹೇಳಿದ್ದರಂತೆ. ಆ ಜಾಗದಲ್ಲಿ ಅವರ ತಂಗಿಯ ಮಗಳು ಬ್ಯೂಟಿ ಪಾರ್ಲರ್ ಇಡುವ ಮಾತೂ ನಡೆದಿತ್ತು. ಇದನ್ನು ಸ್ಕೂಟರಿನಲ್ಲಿ ಹೋಗುವಾಗ ಸೂಪರ್‌ವೈಸರ್ ಗಾಳಿಯಲ್ಲಿ ಅರ್ಧ ಹಾರಿಹೋಗುವಂತೆ ಹೇಳಿದರು. ಉಳಿದರ್ಧ ನನಗೆ ಸಾಕಾಗಿತ್ತು.

ಅಂಗಡಿ ಚಿಕ್ಕದು. ಒಂದು ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಗಿರಾಕಿಗಳು ನೋಡಿಕೊಳ್ಳಲು ಗೋಡೆಗೊಂದು ಉದ್ದ ಕನ್ನಡಿ, ಹಿಂದೆ ಬಟ್ಟೆಯ ಕಪಾಟು. ಮದುವೆಯ ಕಾಲವಾದ್ದರಿಂದ ಹಗ್ಗದ ಮೇಲೆ ರೇಷ್ಮೆ ರವಿಕೆಗಳು ನೇತಾಡುತ್ತಿದ್ದವು. ಮೇಜಿನ ನೆತ್ತಿಯ ಮೇಲೆ, ಚಾವಣಿಯಲ್ಲಿ, ತಟ್ಟೆಯಗಲದ ಒಂದು ಕೆಂಪು ಕಲೆ. ಎಲೆ ಅಡಿಕೆ ಉಗಿದ ಹಾಗೆ, ನಡುವೆ ಕಡುಗೆಂಪು, ಅಂಚಿಗೆ ಕಂದು.

"ಮೇಜು ಸರಿಸೋಕೂ ಜಾಗ ಇಲ್ಲ ಮೇಡಂ" ಎಂದರು ಟೈಲರಮ್ಮ. "ಶನಿವಾರ ಬಂದು ಬಾಗಿಲು ತೆಗುದ್ರೆ ಬಟ್ಟೆ ಮೇಲೆಲ್ಲಾ ಬಿದ್ದಿರ್ತದೆ. ನೀವು ಬರೋದು ಬುಧವಾರ. ಬುಧವಾರ ಎಂಗೆ ತೋರಿಸ್ಲಿ ನಾನು?"

ಸೂಪರ್‌ವೈಸರ್ ಏಣಿ ಹತ್ತಿ ಮುಂಗೈ ಇಟ್ಟರು. ನನ್ನನ್ನೂ ಹತ್ತಿಸಿದರು. ಒಣಗಿತ್ತು. ನಾಣ್ಯದಿಂದ ತಟ್ಟಿದೆ; ಗಟ್ಟಿಯಾಗೇ ಇತ್ತು.

"ಒಳಗಡೆ ಕಂಬಿ ತುಕ್ಕು ಹಿಡಿದಿದ್ರೆ ಈ ಬಣ್ಣ ಬರ್ತದೆ. ಆದ್ರೆ ಆಗ ಗಾರೆ ಬಿಟ್ಕೊಂಡಿರ್ಬೇಕು, ಬಿರುಕಾದ್ರೂ ಇರ್ಬೇಕು" ಎಂದು ಸೂಪರ್‌ವೈಸರ್ ನನಗೆ ಮಾತ್ರ ಕೇಳುವಂತೆ ಹೇಳಿದರು.

"ಬಟ್ಟೆ ಮೇಲೆ ಬಿದ್ದ ಕಲೆ ತೋರಿಸಿ" ಎಂದೆ ನಾನು.

ಟೈಲರಮ್ಮ ಸ್ವಲ್ಪ ತಡೆದರು. ಆಮೇಲೆ ಒಂದು ಬಿಳಿ ಲೈನಿಂಗ್ ಬಟ್ಟೆ ತಂದರು. ಮಡಿಸಿ, ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದೆ. ಕಲೆಯ ಸುಳಿವೇ ಇರಲಿಲ್ಲ.

"ಇತ್ತು ಮೇಡಂ. ಸೋಪ್ ಹಾಕಿದ್ರೆ ಇನ್ನೂ ಕೆಂಪಾಯ್ತು. ಒಗೆದು ಬಿಸಿಲಿಗೆ ಹಾಕ್ದೆ, ಹೊರಟೋಯ್ತು."

ಸೂಪರ್‌ವೈಸರ್ ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ. ತುಕ್ಕಿನ ಕಲೆ ಬಿಸಿಲಿಗೆ ಹೋಗುವುದುಂಟೇ? ಬಟ್ಟೆ ಹರಿದರೂ ತುಕ್ಕು ಹೋಗುವುದಿಲ್ಲ. ಸಾಕ್ಷಿ ಕೇಳಿದರೆ ಬಿಸಿಲು ತಿಂದುಬಿಟ್ಟಿತು ಎನ್ನುವ ಕಥೆಯನ್ನು ನಾನೂ ನಂಬಲಿಲ್ಲ. ಇವರೇ ಏನೋ ಮಾಡಿದ್ದಾರೆ ಎಂದು ಆ ಕ್ಷಣ ನನಗೂ ಅನಿಸಿತು.

ಟೈಲರಮ್ಮ ಇನ್ನೊಂದು ಬಟ್ಟೆ ಹುಡುಕಲು ಕಪಾಟಿನ ಕಡೆ ತಿರುಗಿದರು. ಮೇಜಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಪಕ್ಕ ನೀರು ಚಿಮುಕಿಸುವ ಬಾಟಲಿ ಇತ್ತು. ನಾನು ಸದ್ದಿಲ್ಲದೆ ಅದನ್ನು ಎತ್ತಿ, ಮೂತಿ ತಿರುಗಿಸಿ ಮೂಸಿದೆ. ಬೆರಳಿಗೆ ಒಂದು ಹನಿ ಹಾಕಿಕೊಂಡು ಬಣ್ಣ ನೋಡಿದೆ. ಬರೀ ನೀರು. ಮೇಜಿನ ಕೆಳಗಿನ ಕಸದ ಡಬ್ಬದಲ್ಲಿ ಎಲೆ ಅಡಿಕೆಯ ಚೂರಿದೆಯೇ ಎಂದು ಕಾಲಿನಿಂದ ಕೆದಕಿದೆ. ಬರೀ ದಾರದ ತುಂಡುಗಳು. ಆಕೆ ತಿರುಗುವಷ್ಟರಲ್ಲಿ ಬಾಟಲಿ ಇದ್ದಲ್ಲೇ ಇತ್ತು. ಕೊನೆಗೆ ಅವರು ಟೀ ತರಿಸಿಕೊಟ್ಟರು. ಟೀ ಯಾಕೆ ಕೊಡುತ್ತಿದ್ದಾರೆ ಎಂದು ಅನುಮಾನಿಸುತ್ತಲೇ ಕುಡಿದೆ.

ಮೇಲಿನ ಮನೆಗೆ ಹೋದೆವು. ಸೂಪರ್‌ವೈಸರ್ ಮೆಟ್ಟಿಲ ಬುಡದಲ್ಲೇ ಚಪ್ಪಲಿ ಬಿಟ್ಟರು. ಮನೆಯಾಕೆ ವಯಸ್ಸಾದ ಗೃಹಿಣಿ. ಹೊಸ್ತಿಲಿಗೆ ಗಟ್ಟಿಯಾಗಿ ಅರಿಶಿನ ಬಳಿದು ಕುಂಕುಮ ಇಟ್ಟಿದ್ದರು. ಬಚ್ಚಲು, ಅಡುಗೆಮನೆ, ಪೈಪು ಎಲ್ಲವನ್ನೂ ನೋಡಿದೆವು. ನಲ್ಲಿ ಮುಚ್ಚಿಸಿ ಮೀಟರ್ ನೋಡಿದೆ, ಮುಳ್ಳು ಕದಲಲಿಲ್ಲ. ಅಂಗಡಿಯ ನೆತ್ತಿಯ ಮೇಲೆ ಬರುವುದು ಮುಂದಿನ ಬಾಲ್ಕನಿ. ಅದರ ನೀರು ಹೋಗುವ ತೂತು ಮುಚ್ಚಿ, ಒಂದು ಹಗಲೂ ರಾತ್ರಿ ನೀರು ಕಟ್ಟಿ ನಿಲ್ಲಿಸಿ ನೋಡಿದ್ದು ಹಿಂದೆಯೇ ಆಗಿತ್ತಂತೆ. ಕೆಳಗೆ ಒಂದು ಹನಿ ಬಿದ್ದಿರಲಿಲ್ಲ. ಬಾಲ್ಕನಿಯ ಮೂಲೆಯಲ್ಲಿ ಇಟ್ಟಿಗೆ ಸಿಮೆಂಟಿನ ತುಳಸಿಕಟ್ಟೆ ಇತ್ತು. ಸೂಪರ್‌ವೈಸರ್ ಅದರ ಮುಂದೆ ಕೈ ಮುಗಿದು, ಸುತ್ತು ಹಾಕಿ ಬಂದರು.

"ಕೆಳಗಡೆ ಹುಡುಗಿ ಪಾಪ, ಏನೋ ತೊಂದರೆ ಅಂತಾಳೆ" ಎಂದರು ಮನೆಯಾಕೆ, ಕಾಫಿ ಕೊಡುತ್ತಾ. "ನಮ್ಮಿಂದ ಒಂದ್ ತೊಟ್ಟು ಹೋಗಲ್ಲಮ್ಮ. ನಾನು ನೀರು ಚೆಲ್ಲೋಳೇ ಅಲ್ಲ."

ಮರುದಿನ ವರದಿ ನನ್ನ ಮೇಜಿನ ಮೇಲಿತ್ತು. ಮೇಲಿನಿಂದ ಸೋರಿಕೆ ಇಲ್ಲ. ಕಲೆ ಅಂಗಡಿಯ ಬಾಡಿಗೆದಾರರ ಕಡೆಯಿಂದಲೇ ಆಗಿದೆ. ಸೂಪರ್‌ವೈಸರ್ ಸಹಿ ಹಾಕಿದ್ದರು, ನನ್ನ ಹೆಸರಿನ ಮೇಲೆ ಜಾಗ ಖಾಲಿಯಿತ್ತು. ಶನಿವಾರ ಅದು ಮಾಲೀಕರ ಕೈ ಸೇರಬೇಕಿತ್ತು.

ಪೆನ್ನು ಎತ್ತಿದೆ, ಇಟ್ಟೆ. ಟೈಲರಮ್ಮನ ಮೇಲೆ ನನಗೆ ಕನಿಕರವೇನೂ ಉಕ್ಕಿರಲಿಲ್ಲ. ಆದರೆ ಒಂದು ಮಾತು ಕೊರೆಯುತ್ತಿತ್ತು. ಸುಳ್ಳು ಹೇಳುವವರು ಇನ್ನೊಬ್ಬರು ನಂಬುವಂಥ ಸುಳ್ಳು ಹೇಳುತ್ತಾರೆ. ಸೋಪು ಹಾಕಿದರೆ ಕೆಂಪಾಯಿತು, ಬಿಸಿಲಿಗೆ ಹೋಯಿತು ಎಂಬಂಥ ಹುಚ್ಚು ಸುಳ್ಳನ್ನು ಯಾರು ಹೇಳುತ್ತಾರೆ? ಅಲ್ಲದೆ ಎಲ್ಲರಿಗೂ ಈ ವರದಿಯ ಮೇಲೆ ಇಷ್ಟು ಅವಸರವೇಕೆ? ಮಾಲೀಕರ ತಂಗಿಯ ಮಗಳು ನನ್ನ ಕಣ್ಣ ಮುಂದೆ ಕನ್ನಡಿ, ಕುರ್ಚಿ ಹೊತ್ತುಕೊಂಡು ನಿಂತಂತಾಯಿತು. ನಾಳೆ ನೋಡುತ್ತೇನೆ ಎಂದು ಮನೆಗೆ ಹೋದೆ.

ಅಂದು ಸಂಜೆ ನನ್ನ ಮೈದುನನ ಮಗು ಮೊದಲ ಸಲ ನಮ್ಮ ಮನೆಗೆ ಬರುವುದಿತ್ತು. ಅತ್ತೆ ಆರತಿಗೆ ಅಣಿ ಮಾಡುತ್ತಿದ್ದರು. ತಟ್ಟೆಗೆ ನೀರು ಹಾಕಿ, ಅರಿಶಿನ ಕದಡಿ, ಬೆರಳ ತುದಿಯಲ್ಲಿ ಒಂದಿಷ್ಟು ಸುಣ್ಣ ತೆಗೆದು ಕಲಸಿದರು. ಹಳದಿ ನೀರು ನೋಡನೋಡುತ್ತಲೇ ಕೆಂಪಾಯಿತು. ಹುಟ್ಟಿದಾಗಿನಿಂದ ನೋಡಿದ್ದೇ. ಅಂದು ಮಾತ್ರ ಆ ಬಣ್ಣವನ್ನೇ ನೋಡುತ್ತಾ ತಟ್ಟೆ ಓರೆ ಮಾಡಿಬಿಟ್ಟೆ, ನೀರು ತುಳುಕಿ ಸೀರೆಯ ಮೇಲೆ ಬಿತ್ತು.

"ಎಲ್ಲಿ ಇಟ್ಟಿದ್ದೀಯೇ ಗಮನ?" ಎಂದರು ಅತ್ತೆ. "ಹೋಗ್ಲಿ ಬಿಡು, ಅರಿಶಿನ ತಾನೆ. ಸೋಪ್ ಹಾಕಿ ಉಜ್ಜಬೇಡ, ಇನ್ನೂ ಕೆಂಪಾಗುತ್ತೆ. ನಾಳೆ ಬಿಸಿಲಿಗೆ ಹಾಕು, ತಾನೇ ಹೋಗುತ್ತೆ ಕಣೇ."

ನಾನು ಅವರ ಮುಖವನ್ನೇ ನೋಡುತ್ತಾ ನಿಂತುಬಿಟ್ಟೆ. ಟೈಲರಮ್ಮ ಹೇಳಿದ ಮಾತನ್ನು ನಮ್ಮತ್ತೆ ಅಕ್ಷರ ಬಿಡದೆ ಹೇಳಿದ್ದರು. ಸಿಮೆಂಟಿನಲ್ಲಿಯೂ ಸುಣ್ಣದ ಗುಣವಿದೆ. ಅರಿಶಿನದ ನೀರು ಚಾವಣಿಯ ಸಿಮೆಂಟಿನಲ್ಲಿ ಇಳಿದು ಬಂದರೆ ಕೆಂಪಾಗದೆ ಇನ್ನೇನಾಗುತ್ತದೆ? ಹೊಸ್ತಿಲಿಗೇ ಅಷ್ಟು ಅರಿಶಿನ ಬಳಿಯುವ ಮೇಲಿನ ಮನೆಯಾಕೆ ಶುಕ್ರವಾರದ ಪೂಜೆಗೆ ಎಷ್ಟು ಕದಡುತ್ತಾರೋ! ಮಗುವಿಗೆ ಆರತಿ ಎತ್ತುವಾಗ ನನ್ನ ಬಾಯಿ ಹಾಡುತ್ತಿತ್ತು, ತಲೆ ಮಾತ್ರ ವಿದ್ಯಾರಣ್ಯಪುರಂ ಮೆಟ್ಟಿಲು ಹತ್ತುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಮ್ಯಾನೇಜರಿಗೆ ಫೋನ್ ಮಾಡಿ, ನಾನು ಸಹಿ ಹಾಕುವುದಿಲ್ಲ, ಇವತ್ತು ಆಫೀಸಿಗೂ ಬರುವುದಿಲ್ಲ, ವಿದ್ಯಾರಣ್ಯಪುರಂ ಕಟ್ಟಡದಲ್ಲಿರುತ್ತೇನೆ ಎಂದೆ. ಅವರು "ನಾಳೆ ಮಧ್ಯಾಹ್ನದೊಳಗೆ ಏನಾದ್ರೂ ಒಂದು ಹೇಳಿ. ಇಲ್ಲಾಂದ್ರೆ ನಿಮ್ಮ ಸಹಿ ಇಲ್ದೇನೇ ಕಳಿಸ್ತೀನಿ" ಎಂದರು. ಆ ದನಿಯಲ್ಲಿ ಕೋಪವಿತ್ತೋ ಕುತೂಹಲವಿತ್ತೋ ತಿಳಿಯಲಿಲ್ಲ.

ಮೇಲಿನ ಮನೆಯಾಕೆಗೆ ನಿಜ ಹೇಳಲಿಲ್ಲ. ಹೇಳಿದರೆ ಇವತ್ತು ಅರಿಶಿನದ ನೀರೇ ಹೊಯ್ಯುವುದಿಲ್ಲ ಎಂಬ ಭಯ. "ಈ ಕಡೆ ಬಂದಿದ್ದೆ, ನಿಮ್ಮ ಶುಕ್ರವಾರದ ಪೂಜೆ ಚೆನ್ನಾಗಿರುತ್ತೆ ಅಂತ ಕೇಳಿದ್ದೆ" ಎಂದು ಒಂದು ಬೊಗಳೆ ಬಿಟ್ಟೆ. ಅವರು ಹಿಗ್ಗಿ ಒಳಗೆ ಕರೆದರು. ದೇವರಿಗೆ ಅಭಿಷೇಕವಾಯಿತು. ಅಭಿಷೇಕದ ನೀರು, ಅರಿಶಿನದ ನೀರು, ದೇವರ ಪಾತ್ರೆ ತೊಳೆದ ನೀರು, ಎಲ್ಲವನ್ನೂ ಒಂದು ತಾಮ್ರದ ಬಿಂದಿಗೆಗೆ ತುಂಬಿಕೊಂಡು ಬಾಲ್ಕನಿಗೆ ಬಂದರು.

"ಬಚ್ಚಲಿಗೆ ಹುಯ್ಯಬಾರದು ನೋಡಿ, ಮೋರಿ ಸೇರಿಬಿಡುತ್ತೆ. ದೇವರ ನೀರು ಕಾಲಿಗೆ ಸಿಗಬಾರದು" ಎನ್ನುತ್ತಾ ಇಡೀ ಬಿಂದಿಗೆಯನ್ನು ತುಳಸಿಯ ಬುಡಕ್ಕೆ ಹೊಯ್ದರು. ಮತ್ತೆ ಹೋಗಿ ಇನ್ನೊಂದು ಬಿಂದಿಗೆ ತಂದು ಹೊಯ್ದರು. ಮಂಗಳವಾರ ಸ್ವಲ್ಪ ಕಡಿಮೆಯಂತೆ, ಶುಕ್ರವಾರ ಹೀಗೆ ಧಾರಾಳವಂತೆ.

ನಾನು ಬಗ್ಗಿ ಕಟ್ಟೆಯ ಬುಡ ನೋಡಿದೆ. ಮುಂಗೈ ಇಟ್ಟೆ. ಎರಡು ಬಿಂದಿಗೆ ನೀರು ಕುಡಿದ ಕಟ್ಟೆಯ ಹೊರಗೆ ಒಂದು ತೊಟ್ಟೂ ಇರಲಿಲ್ಲ. ಹೂವಿನ ಕುಂಡಕ್ಕೆ ನೀರು ಹಾಕಿದರೂ ತಳದಿಂದ ಒಸರುತ್ತದೆ. ಇಲ್ಲಿ ಹೋದ ನೀರು ಎಲ್ಲಿ ಹೋಯಿತು? ಬಾಲ್ಕನಿಯಲ್ಲಿ ನೀರು ಕಟ್ಟಿ ನೋಡಿದಾಗಲೂ ಆ ನೀರು ಕಟ್ಟೆಯ ಹೊರಗೆ ಸುತ್ತ ನಿಂತಿತ್ತೇ ಹೊರತು ಒಳಗೆ ಹೋಗಿರಲಿಲ್ಲ. ಇಷ್ಟು ಸಲ ಬಂದವರು ಬಚ್ಚಲು, ಪೈಪು, ನಲ್ಲಿ ಎಲ್ಲಕ್ಕೂ ಕೈ ಹಾಕಿದ್ದರು. ತುಳಸಿಗೆ ಮಾತ್ರ ಕೈ ಮುಗಿದು ಬಂದಿದ್ದರು.

ಕೆಳಗೆ ಬಂದು ಟೈಲರಮ್ಮನಿಗೆ ಒಂದು ಬಿಳಿ ಬಟ್ಟೆಯನ್ನು ಮೇಜಿನ ತುಂಬ ಹಾಸಲು ಹೇಳಿದೆ. ಯಾಕೆಂದು ಅವರಿಗೂ ಹೇಳಲಿಲ್ಲ. ನಾನು ಸ್ಟೂಲಿನ ಮೇಲೆ ಕೂತು ಚಾವಣಿ ನೋಡತೊಡಗಿದೆ. ಅವರು ಮಿಷನ್ ತುಳಿಯುತ್ತಾ ಆಗಾಗ ನನ್ನನ್ನು ನೋಡಿದರು. ಮಧ್ಯಾಹ್ನವಾಯಿತು, ಸಂಜೆಯಾಯಿತು, ಕುತ್ತಿಗೆ ಸೆಟೆದುಕೊಂಡಿತು. ಒಂದು ಹನಿಯೂ ಬೀಳಲಿಲ್ಲ.

ವಿಷಯ ತಿಳಿದು ಸೂಪರ್‌ವೈಸರ್ ಸ್ಕೂಟರ್ ನಿಲ್ಲಿಸಿ ಇಣುಕಿದರು. "ನೀರು ಕೆಳಕ್ಕಿಳಿಯೋಕೆ ಮುಹೂರ್ತ ನೋಡ್ತಾ ಇರ್ಬೇಕು ಬುಡಿ ಮೇಡಂ" ಎಂದು ನಕ್ಕರು. ತುಳಸಿಯ ಮಾತು ಎತ್ತಿದೆ. ಅವರ ನಗು ನಿಂತಿತು.

"ಅದು ದೇವ್ರ ಜಾಗ. ಅದಕ್ಕೆಲ್ಲ ಕೈ ಹಾಕ್ಬೇಡಿ. ಒಳ್ಳೇದಾಗಲ್ಲ."

"ನಾನು ಕೈ ಹಾಕಿಲ್ಲ. ಆಕೆ ಪ್ರತಿ ಶುಕ್ರವಾರ ಮಾಡೋದನ್ನೇ ಮಾಡಿದ್ದಾರೆ, ನಾನು ನೋಡಿದ್ದೇನೆ ಅಷ್ಟೆ."

"ನೋಡಿದ್ರಲ್ಲ, ಏನ್ ಬಿತ್ತು? ಸುಮ್ಕೆ ಸಹಿ ಹಾಕಿ ಮುಗಿಸ್ಬುಡಿ."

ಅರಿಶಿನದ ಯೋಚನೆಯೇ ತಲೆಕೆಟ್ಟದ್ದೇನೋ ಎಂದು ಅಳುಕಾಯಿತು. ಆದರೆ ಟೈಲರಮ್ಮ ಹೇಳಿದ್ದು ಶನಿವಾರ ಬಾಗಿಲು ತೆರೆದಾಗ ಎಂದು. ಹಾಗಾದರೆ ರಾತ್ರಿಯಿಡೀ ಇಳಿದು ಬೆಳಗಿನ ಹೊತ್ತಿಗೆ ಬೀಳುತ್ತದೆಯೋ ಏನೋ. ಬಿದ್ದರೂ ಬೆಳಿಗ್ಗೆ ಅಂಗಡಿ ತೆರೆಯುವವರು ಅವರೇ. ಅವರೇ ಅರಿಶಿನ ಎರಚಿದರು ಎಂದು ಸೂಪರ್‌ವೈಸರ್ ಹೇಳಬಹುದು, ಮಾಲೀಕರು ಹೇಳಬಹುದು. ನಿಜ ಹೇಳಬೇಕೆಂದರೆ ನಾನೇ ಹೇಳುತ್ತಿದ್ದೆ.

"ಇವತ್ತು ರಾತ್ರಿ ಅಂಗಡಿಗೆ ನನ್ನ ಬೀಗ ಹಾಕ್ತೀನಿ" ಎಂದೆ ಟೈಲರಮ್ಮನಿಗೆ. "ನಿಮ್ಮ ಬೀಗಕ್ಕೆ ಇನ್ನೊಂದು ಕೀ ಇರಬಹುದು."

ಆ ಮಾತು ಬಾಯಿಂದ ಬಿದ್ದ ಮೇಲೆ ಎಷ್ಟು ಒರಟಾಗಿದೆ ಎಂದು ನನಗೇ ಗೊತ್ತಾಯಿತು. ಟೈಲರಮ್ಮ ಮಿಷನ್ ನಿಲ್ಲಿಸಿದರು. ಎದ್ದು, ಹಗ್ಗದಿಂದ ರೇಷ್ಮೆ ರವಿಕೆಗಳನ್ನು ಒಂದೊಂದಾಗಿ ಇಳಿಸಿ, ಹಳೇ ಸೀರೆಯಲ್ಲಿ ಗಂಟು ಕಟ್ಟಿದರು.

"ಹಾಕ್ಕೊಳ್ಳಿ ಮೇಡಂ. ನನ್ನ ಬೀಗಾನೂ ನೀವೇ ತಗೊಂಡೋಗಿ" ಎಂದರು. "ನಾಳೆ ಬರೋವಾಗ ಸೂಪರ್‌ವೈಸರ್‌ನೂ ಕರ್ಕೊಂಡು ಬನ್ನಿ. ನಾನೊಬ್ಳೇ ಇದ್ದಾಗ ತೆಗೀಬೇಡಿ."

ಹತ್ತಿರದ ಹಾರ್ಡ್‌ವೇರ್ ಅಂಗಡಿಯಿಂದ ಹೊಸ ಬೀಗ ತಂದು ಷಟರಿಗೆ ಹಾಕಿದೆ. ಕೀಲಿಕೈಗಳನ್ನು ಪರ್ಸಿನ ಒಳಜೇಬಿಗೆ ಸೇರಿಸಿದೆ. ಮನೆಯಲ್ಲಿ ಗಂಡ ಕೇಳಿ ನಕ್ಕು ನಕ್ಕು ಸುಸ್ತಾದರು. ನನಗೆ ನಗು ಬರಲಿಲ್ಲ. ನಾಳೆ ಬಟ್ಟೆ ಒಣಗಿದ್ದರೆ ಆ ಹೆಂಗಸು ಗಂಟನ್ನು ಬಿಚ್ಚುವ ಜಾಗವೇ ಇರುವುದಿಲ್ಲ.

ಶನಿವಾರ ಬೆಳಿಗ್ಗೆ ಹೋದಾಗ ಟೈಲರಮ್ಮ ರಸ್ತೆಯ ಆ ಬದಿಯಲ್ಲಿ ಗಂಟು ಹಿಡಿದು ನಿಂತಿದ್ದರು. ಈ ಬದಿಗೆ ಬಂದಿರಲೇ ಇಲ್ಲ. ಸೂಪರ್‌ವೈಸರ್ ಮುಖ ಗಂಟಿಕ್ಕಿಕೊಂಡೇ ಬಂದರು. ನಾನು ಬೀಗ ತೆಗೆದೆ, ಅವರು ಷಟರ್ ಎತ್ತಿದರು.

ಬಿಳಿ ಬಟ್ಟೆಯ ಮೇಲೆ ಕೆಂಪು ಚುಕ್ಕೆಗಳು ಬಿದ್ದಿದ್ದವು. ನಡುವಿನದು ದೊಡ್ಡದಾಗಿ ಹರಡಿ, ಅಂಚಿಗೆ ಹಳದಿಯಾಗಿತ್ತು. ನಾವು ನೋಡುತ್ತಿರುವಂತೆಯೇ ಚಾವಣಿಯ ಕಲೆಯ ನಡುವೆ ಒಂದು ಹನಿ ದಪ್ಪಗಾಯಿತು, ಸ್ವಲ್ಪ ಹೊತ್ತು ತೂಗಿ, ಟಪ್ಪೆಂದು ಬಿತ್ತು. ನನಗೆ ಕೂಗಬೇಕೆನ್ನುವಷ್ಟು ಸಂತೋಷವಾಯಿತು. ಸೂಪರ್‌ವೈಸರ್ ಬೆರಳಿನಿಂದ ಅದನ್ನು ಮುಟ್ಟಿ, ಮೂಸಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಅರಿಶಿನ" ಎಂದರು.

ಮೇಲಿನ ಮನೆಯಾಕೆಗೆ ಈಗ ಹೇಳಲೇಬೇಕಾಯಿತು. "ನಮ್ಮ ತುಳಸಮ್ಮನ ಮೇಲೆ ದೂರು ಹೊರಿಸ್ತೀರಾ? ಪೂಜೆ ನೋಡ್ತೀನಿ ಅಂತ ಬಂದು ಇದನ್ನಾ ಮಾಡಿದ್ದು?" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಅದಕ್ಕೆ ನಾನು ತಲೆ ತಗ್ಗಿಸಿದೆ. ಕೆಳಗೆ ಬಂದು ನೀವೇ ನೋಡಿ ಎಂದೆ. ಗೊಣಗುತ್ತಾ ಬಂದವರು ಅಂಗಡಿಯ ನಡುವೆ ನಿಂತು ಮೇಲೆ ನೋಡಿದರು, ಬಟ್ಟೆ ನೋಡಿದರು.

"ಅಯ್ಯೋ, ಕಾಲಿಗೆ ಸಿಗಬಾರದು ಅಂತ ಹುಯ್ದಿದ್ದು ನಿನ್ನ ತಲೆ ಮೇಲೆ ಬೀಳ್ತಿತ್ತೇನಮ್ಮ?" ಎಂದು ಟೈಲರಮ್ಮನ ಕೈ ಹಿಡಿದರು.

"ತೀರ್ಥ ಅಂತ ಮೊದ್ಲೇ ಗೊತ್ತಿದ್ರೆ ಚೊಂಬು ಇಟ್ಕೊಂಡ್ ಕೂರ್ತಿದ್ದೆ ಬುಡಿ ಅಮ್ಮ" ಎಂದರು ಟೈಲರಮ್ಮ. ಅವರು ನಕ್ಕಿದ್ದನ್ನು ನಾನು ನೋಡಿದ್ದು ಆಗಲೇ ಮೊದಲು.

ಕಟ್ಟೆ ಬಿಚ್ಚುವ ಮುಂಚೆ ಮನೆಯಾಕೆ ದಿನ ನೋಡಿದರು. ಶನಿವಾರ ಬೇಡ, ಭಾನುವಾರ ತುಳಸಿ ಮುಟ್ಟುವ ಹಾಗಿಲ್ಲ, ಮಂಗಳವಾರ ಆಗದು. ಸೋಮವಾರ ಬೆಳಿಗ್ಗೆ ಅವರೇ ಕೈಯಾರೆ ಗಿಡವನ್ನು ಬೇರು ಸಮೇತ ಎತ್ತಿ ಮಣ್ಣಿನ ಕುಂಡಕ್ಕೆ ಇಟ್ಟುಕೊಟ್ಟರು. ಆಮೇಲೆ ಗಾರೆಯವರು ಮಣ್ಣು ತೆಗೆದರು. ತಳದಲ್ಲಿ ಹಳೆಯ ಚಾವಣಿಯ ಒಂದು ಸಂದು ಬಾಯಿ ಬಿಟ್ಟಿತ್ತು. ಕಟ್ಟೆಯ ನೀರು ಹೊರಹೋಗಲು ಮೊದಲು ಪಕ್ಕದಲ್ಲಿ ಒಂದು ತೂತು ಇತ್ತು. ಬಾಲ್ಕನಿಗೆ ಹಳೇ ನೆಲದ ಮೇಲೆಯೇ ಹೊಸ ಟೈಲ್ಸ್ ಕೂರಿಸಿದಾಗ ನೆಲ ಎತ್ತರವಾಗಿ ಆ ತೂತು ಮುಚ್ಚಿಹೋಗಿತ್ತು. ನೀರಿಗೆ ದಾರಿ ಸಿಕ್ಕಿದ್ದು ಕೆಳಗೆ ಮಾತ್ರ. ಸಂದು ಅಗಲಿಸಿ ಕೆತ್ತಿ, ತೊಳೆದು, ನೀರು ತಡೆಯುವ ಸಿಮೆಂಟು ತುಂಬಿ, ಮೇಲೆ ಇಳಿಜಾರು ಕೊಟ್ಟರು. ಈಗ ತುಳಸಿ ಕಬ್ಬಿಣದ ಸ್ಟ್ಯಾಂಡಿನ ಮೇಲಿದೆ, ಕೆಳಗೆ ಒಂದು ಅಗಲ ಪಾತ್ರೆ. ಅದರಲ್ಲಿ ನಿಂತ ನೀರನ್ನು ಮನೆಯಾಕೆ ಬೀದಿಯ ಹೊಂಗೆ ಮರದ ಬುಡಕ್ಕೆ ಹೊಯ್ಯುತ್ತಾರೆ.

ಆ ಟೈಲ್ಸ್ ಕೆಲಸ ಮಾಡಿಸಿದ್ದು ನಮ್ಮ ಕಂಪನಿಯೇ. ನಿಂತು ಮಾಡಿಸಿದವರು ಇದೇ ಸೂಪರ್‌ವೈಸರ್. ಗಾರೆಯವರು ಮುಚ್ಚಿದ ತೂತನ್ನು ತೋರಿಸಿದಾಗ ನಾನು ಅವರ ಮುಖ ನೋಡಿದೆ. ಅವರು ಪಕ್ಕದ ಮನೆಯ ಹೆಂಚಿನ ಮೇಲಿದ್ದ ಪಾರಿವಾಳ ನೋಡುತ್ತಿದ್ದರು. ಅಷ್ಟು ದಿನ ಆ ಕಟ್ಟೆಯ ಹತ್ತಿರ ಹೋಗದೆ ಇದ್ದದ್ದರಲ್ಲಿ ಭಕ್ತಿ ಎಷ್ಟು, ಭಯ ಎಷ್ಟು ಎಂದು ನನಗೆ ಈಗಲೂ ಗೊತ್ತಿಲ್ಲ. ಕೇಳಿಲ್ಲ, ಕೇಳಿದರೂ ಅವರು ಹೇಳುವುದನ್ನು ನಾನು ನಂಬುವುದಿಲ್ಲ. ಹೊಸ ವರದಿಗೆ ಮಾತ್ರ ಅವರು ನನಗಿಂತ ಮೊದಲು ಸಹಿ ಹಾಕಿದರು.

ಮಾಲೀಕರು ಫೋನಿನಲ್ಲಿ "ಹೌದಾ, ಸರಿ" ಎಂದರಂತೆ. ಟೈಲರಮ್ಮನಿಗೆ ನೋಟಿಸ್ ಬರಲಿಲ್ಲ. ಮುಂದೆ ಇನ್ನೊಂದು ನೆಪ ಹುಡುಕಬಹುದು ಎಂದು ನಾನು ಆ ಕಟ್ಟಡದ ಮೇಲೆ ಒಂದು ಕಣ್ಣಿಟ್ಟೇ ಇದ್ದೇನೆ.

ಒಂದು ದಿನ ಮ್ಯಾನೇಜರನ್ನು ಕೇಳಿಯೇಬಿಟ್ಟೆ, ಅಷ್ಟು ಜನರಲ್ಲಿ ಮೊದಲು ನನ್ನನ್ನೇ ಯಾಕೆ ಕಳಿಸಿದಿರಿ ಎಂದು.

"ನೀವು ಯಾರನ್ನೂ ನಂಬಲ್ಲ ಕಣ್ರೀ, ಅದಕ್ಕೇ" ಎಂದರು. ಆ ಮಾತನ್ನೂ ನಾನು ಪೂರ್ತಿ ನಂಬಿಲ್ಲ.

ಚಾವಣಿಗೆ ಬಣ್ಣ ಹೊಡೆಸಿದ ಮೇಲೆ ನಾನು ಒಂದು ರವಿಕೆ ಕಣ ಹಿಡಿದುಕೊಂಡು ಆ ಅಂಗಡಿಗೆ ಹೋದೆ. ಆಫೀಸಿನ ಕೆಲಸಕ್ಕಲ್ಲ, ಹೊಲಿಸಿಕೊಳ್ಳಲು. ಮೇಜು ಅದೇ ಜಾಗದಲ್ಲಿತ್ತು, ಇಸ್ತ್ರಿ ಪೆಟ್ಟಿಗೆಯ ಪಕ್ಕ ಅದೇ ನೀರಿನ ಬಾಟಲಿ. ಟೈಲರಮ್ಮ ನನ್ನನ್ನು ಉದ್ದ ಕನ್ನಡಿಯ ಮುಂದೆ ನಿಲ್ಲಿಸಿ, ಹಿಂದೆ ನಿಂತು ಟೇಪು ಹಿಡಿದರು. ಕನ್ನಡಿಯಲ್ಲಿ ನನ್ನ ಬೆನ್ನ ಹಿಂದಿನ ಮೇಜು, ಬಾಟಲಿ, ಕಸದ ಡಬ್ಬ ಎಲ್ಲವೂ ಚೊಕ್ಕವಾಗಿ ಕಾಣುತ್ತಿದ್ದವು. ಅವತ್ತು ಕಪಾಟಿನ ಬಳಿ ನಿಂತಿದ್ದವರಿಗೆ ಇನ್ನೂ ಚೆನ್ನಾಗಿ ಕಂಡಿರಬೇಕು. ನನ್ನ ಮುಖ ಬಿಸಿಯಾಯಿತು.

ನಾನು ನೋಡಿದ್ದನ್ನು ಅವರೂ ನೋಡಿದರು.

"ಅವತ್ತು ಬಾಟ್ಲಿ ಮೂಸಿದ್ರಲ್ಲ ಮೇಡಂ, ಕನ್ನಡೀಲಿ ಕಾಣಿಸ್ತು" ಎಂದರು, ಟೇಪಿನ ಮೇಲಿಂದ ಕಣ್ಣೆತ್ತದೆ.

"ಮತ್ತೆ ಯಾಕೆ ಏನೂ ಅನ್ನಲಿಲ್ಲ? ಟೀ ಬೇರೆ ಕೊಟ್ಟಿರಿ."

"ಏನ್ ಅನ್ನೋದು. ಇಷ್ಟು ಸಲ ಬಂದೋರು ಮೇಲ್ಗಡೆ ಒಂದ್ ಸಲ ನೋಡೋರು, ಹೋಗೋರು. ನನ್ನ ಅಂಗಡೀಲಿ ಒಂದ್ ವಸ್ತು ಮುಟ್ಟಿ ನೋಡಿದ್ದು ನೀವೊಬ್ರೇ. ಕಳ್ಳಿ ಅಂತ್ಲೇ ನೋಡ್ಲಿ, ನೋಡಿದ್ರಲ್ಲ ಅಂತ ಸುಮ್ನಾದೆ."

ಕ್ಷಮಿಸಿ ಎನ್ನಲು ಅವರ ಕಡೆ ತಿರುಗಿದೆ.

"ಕೈ ಎತ್ತಿ ಮೇಡಂ" ಎಂದರು. ಎತ್ತಿದೆ.